ಎದೆ ಇಳಿಸುವ ಗುಳಿಗೆ

ಮದುವೆಯಾಗಿ ನಾಶಿಕಕ್ಕೆ ಬಂದ ಹೊಸತರಲ್ಲಿ, ತರಕಾರಿಯವನಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರೂ ನನ್ನನ್ನು ‘ತಾಈ’ ಎಂದು ಕರೆಯುತ್ತಿದ್ದರು. ಗದಗಿನ ಹುಡುಗಿಯಾದ ನನಗೆ ಆಗ ಮರಾಠಿ ಬರುತ್ತಿರಲಿಲ್ಲ. ಇಪ್ಪತ್ತಮೂರು ವರ್ಷದ ನನ್ನನ್ನು ಐವತ್ತರ ಗಂಡಸರು ತಾಯಿ ಎನ್ನುವುದಕ್ಕೆ ಒಂದೇ ಕಾರಣ ಇರಬಹುದೆಂದು ತಿಳಿದುಕೊಂಡೆ. ಅವತ್ತಿನಿಂದ ಸಂತೆಗೆ ಹೋಗುವಾಗ ಸೆರಗನ್ನು ಎರಡು ಸುತ್ತು ಹೊದ್ದುಕೊಳ್ಳತೊಡಗಿದೆ. ಮರಾಠಿಯಲ್ಲಿ ತಾಈ ಎಂದರೆ ಅಕ್ಕ ಎಂದು ಗಂಡ ಬಿಡಿಸಿ ಹೇಳಿದ್ದು ಎಂಟು ತಿಂಗಳ ಮೇಲೆ, ಅದೂ ಮೇ ತಿಂಗಳ ಬಿಸಿಲಿನಲ್ಲಿ ನಾನು ಶಾಲು ಹುಡುಕುವುದನ್ನು ನೋಡಿದ ಮೇಲೆ.

ನಾನು ಊಹಿಸಿದ್ದ ಕಾರಣವನ್ನು ಮುಚ್ಚಿಡುವುದೇನೂ ಇಲ್ಲ. ನಮ್ಮ ತವರಿನ ಹೆಂಗಸರಿಗೆಲ್ಲ ಎದೆ ದೊಡ್ಡದು. ಅಜ್ಜಿಗೆ ಇತ್ತು, ಅವ್ವನಿಗೆ ಇತ್ತು, ಅಕ್ಕನಿಗೂ ನನಗೂ ಬಂತು. ಹೆಣ್ಣುಮಕ್ಕಳಿಗೆ ಹೊಲ ಬರಲಿಲ್ಲ, ಮನೆ ಬರಲಿಲ್ಲ. ಇದೊಂದು ಮಾತ್ರ ಯಾವ ತಕರಾರೂ ಇಲ್ಲದೆ ಸರಿಸಮ ಪಾಲಾಯಿತು. ಅವ್ವ ಅದಕ್ಕೆ ‘ಮನಿತನ’ ಎನ್ನುತ್ತಿದ್ದಳು. ರವಿಕೆಗೆ ಬಟ್ಟೆ ಸಾಲದೆಂದು ದರ್ಜಿ ಹೇಳಿ ಕಳಿಸಿದರೆ, ನಮ್ಮ ಮನಿತನ ಹಂಗ ಐತಿ, ಇನ್ನೊಂದು ಕಾಲು ಗಜ ತಗೊಳ್ಳಲಿ ಎಂದು ಉತ್ತರ ಕಳಿಸುತ್ತಿದ್ದಳು.

ಮನೆತನವನ್ನು ಹೊತ್ತುಕೊಂಡು ತಿರುಗುವುದು ಮಾತ್ರ ಸುಲಭವಲ್ಲ. ನನ್ನ ಎರಡೂ ಭುಜಗಳ ಮೇಲೆ ಬ್ರಾ ಪಟ್ಟಿ ಕೊರೆದ ಗುಳಿಗಳಿವೆ. ನಲವತ್ತು ದಾಟುವ ಹೊತ್ತಿಗೆ ಕುತ್ತಿಗೆ ನೋವು ದಿನದ ಪಾಡಾಗಿತ್ತು. ಬೇಸಿಗೆಯಲ್ಲಿ ಎದೆಯ ಕೆಳಗೆ ಬೆವರುಸಾಲೆ ಎದ್ದು ಉರಿಯುತ್ತಿತ್ತು. ನಾನು ನಾಶಿಕದ ಒಂದು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂರುತ್ತೇನೆ. ಕೌಂಟರಿನ ಮೇಜು ಸರಿಯಾದ ಎತ್ತರಕ್ಕಿರುವುದರಿಂದ, ಜನ ಕಡಿಮೆ ಇದ್ದಾಗ ಎದೆಯ ಭಾರವನ್ನು ಅದರ ಮೇಲಿಟ್ಟು ಭುಜಕ್ಕೆ ವಿಶ್ರಾಂತಿ ಕೊಡುವುದು ನನ್ನ ಅಭ್ಯಾಸ. ಒಮ್ಮೆ ಹೀಗೆ ಇಟ್ಟದ್ದು ಸ್ಟಾಂಪ್ ಪ್ಯಾಡಿನ ಮೇಲೆ ಎಂದು ಸಂಜೆ ಬಸ್ಸಿನಲ್ಲಿ ಗೊತ್ತಾಯಿತು. ಕೆನೆಬಣ್ಣದ ಸೀರೆಯ ಮೇಲೆ ನೇರಳೆ ಬಣ್ಣದ ಆಯತವನ್ನು ಹೊತ್ತು ಇಡೀ ಮಧ್ಯಾಹ್ನ ಜನರಿಗೆ ನೋಟು ಎಣಿಸಿ ಕೊಟ್ಟಿದ್ದೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಭಾವ ಶೇಂದ್ರಾದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವುದರಿಂದ ಅವರ ಸಂಸಾರ ಸಂಭಾಜಿನಗರದಲ್ಲಿ. ಅಕ್ಕ ಅಲ್ಲಿನ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳು ಹಲಗೆಯ ಮೇಲೆ ಬರೆದ ಲೆಕ್ಕದ ಕೆಳಗಿನ ಎರಡು ಸಾಲು ಯಾವಾಗಲೂ ಅವಳ ಸೆರಗಿಗೆ ಅಳಿಸಿ ಹೋಗುತ್ತಿದ್ದವು. ಅದಕ್ಕೇ ಅವಳ ವಿದ್ಯಾರ್ಥಿಗಳು ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಬರೆದುಕೊಳ್ಳಲು ಕಲಿತಿದ್ದರು.

ಎರಡು ವರ್ಷದ ಹಿಂದಿನ ದೀಪಾವಳಿಗೆ ನಾವು ಅಕ್ಕನ ಮನೆಗೆ ಹೋದಾಗ ಅವಳ ಮಗಳ ಮದುವೆ ಗೊತ್ತಾಗಿತ್ತು. ಫೆಬ್ರುವರಿಯಲ್ಲಿ ಮುಹೂರ್ತ. ಅಕ್ಕ ಪೈಠಣಕ್ಕೆ ಹೋಗಿ ತನಗೊಂದು, ನನಗೊಂದು ಪೈಠಣಿ ಸೀರೆ ತಂದಿದ್ದಳು. ದರ್ಜಿ ಬಂದು ಇಬ್ಬರ ಅಳತೆಯನ್ನೂ ತೆಗೆದುಕೊಂಡು, ಸೀರೆಯ ಜೊತೆ ಬಂದ ರವಿಕೆ ಬಟ್ಟೆಯಲ್ಲಿ ಮೈ ಆಗುತ್ತದೆ, ತೋಳು ಆಗುವುದಿಲ್ಲ, ತೋಳಿಗೆ ಬೇರೆ ಬಟ್ಟೆ ಹಚ್ಚಬೇಕು ಎಂದ. ಅಷ್ಟು ಬೆಲೆಬಾಳುವ ಸೀರೆಗೆ ಬೇರೆ ಬಟ್ಟೆಯ ತೋಳು ಎಂದರೆ ಅಕ್ಕನಿಗೆ ತಡೆಯಲಾಗಲಿಲ್ಲ. ಸದ್ಯಕ್ಕೆ ಕತ್ತರಿ ಹಾಕಬೇಡ ಎಂದು ಅವನನ್ನು ಕಳಿಸಿ, ನನ್ನನ್ನು ಅಡುಗೆಮನೆಗೆ ಕರೆದು ಫೋನ್ ತೋರಿಸಿದಳು.

ಅದು ಗುಳಿಗೆಯ ಜಾಹೀರಾತು. ಶಸ್ತ್ರಚಿಕಿತ್ಸೆ ಇಲ್ಲದೆ, ಅಡ್ಡ ಪರಿಣಾಮ ಇಲ್ಲದೆ, ತೊಂಬತ್ತು ದಿನಗಳಲ್ಲಿ ಎದೆಯ ಗಾತ್ರ ಇಳಿಸುವ ಶುದ್ಧ ಗಿಡಮೂಲಿಕೆ ಎಂದು ಹಿಂದಿಯಲ್ಲಿ ಬರೆದಿತ್ತು. ‘ಮೊದಲು’ ಮತ್ತು ‘ನಂತರ’ ಎಂದು ಎರಡು ಚಿತ್ರಗಳಿದ್ದವು. ಎದೆ ನಿಜಕ್ಕೂ ಸಣ್ಣದಾಗಿತ್ತು. ಆದರೆ ಮೂಗೂ ಬೇರೆಯಾಗಿತ್ತು, ಬಲಗೆನ್ನೆಯ ಮಚ್ಚೆಯೂ ಹೋಗಿತ್ತು. ನಾನು ಅದನ್ನು ತೋರಿಸಿದೆ.

“ಮೂಗು ಯಾಕ ನೋಡ್ತಿ? ನೋಡಬೇಕಾದ್ದು ನೋಡು,” ಎಂದಳು ಅಕ್ಕ.

ಇಪ್ಪತ್ತೈದು ವರ್ಷದಿಂದ, ಸಾಧಿಸಿ ತೋರಿಸದ ಉತ್ತರಕ್ಕೆ ಮಕ್ಕಳಿಗೆ ಅಂಕ ಕೊಡದವಳು ಅವಳು. ಅವಳೇ ನಂಬಿದ ಮೇಲೆ ನನ್ನದೇನು? ದೀಪಾವಳಿಯಿಂದ ಮದುವೆಗೆ ತೊಂಬತ್ತೈದು ದಿನ ಎಂದು ಅವಳು ಆಗಲೇ ಲೆಕ್ಕ ಹಾಕಿದ್ದಳು. ಇಬ್ಬರಿಗೂ ಮೂರು ಮೂರು ಡಬ್ಬಿ ತರಿಸುವುದೆಂದಾಯಿತು. ನನ್ನ ಪಾರ್ಸೆಲ್ ಬ್ಯಾಂಕಿನ ವಿಳಾಸಕ್ಕೆ ಬಂತು. ಒಳಗೆ ಏನಿದೆ ಎಂದು ಹೊರಗೆ ಬರೆಯುವುದಿಲ್ಲ, ನಿಮ್ಮ ಗುಟ್ಟು ನಮ್ಮ ಹೊಣೆ ಎಂದು ಜಾಹೀರಾತಿನಲ್ಲಿ ಮಾತು ಕೊಟ್ಟಿದ್ದರು. ಮಾತಿಗೆ ತಪ್ಪಲಿಲ್ಲ. ಆದರೆ ಡಬ್ಬದ ನಾಲ್ಕೂ ಬದಿಗೆ ಗುಲಾಬಿ ಬಣ್ಣದಲ್ಲಿ ‘ಗೋಪನೀಯ ಮಹಿಳಾ ಉತ್ಪನ್ನ’ ಎಂದು ಅಚ್ಚು ಹಾಕಿದ್ದರಿಂದ, ಊಟದ ಬಿಡುವು ಮುಗಿಯುವಷ್ಟರಲ್ಲಿ ಇಡೀ ಶಾಖೆಗೆ ನನಗೇನೋ ಗುಟ್ಟಿದೆ ಎಂಬುದು ಗೊತ್ತಾಗಿತ್ತು.

ಗಂಡನಿಗೆ ಹೇಳುವ ವಿಚಾರ ನನಗಿರಲಿಲ್ಲ. ಅವರು ನಾಶಿಕದ ಪಕ್ಕದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವರು. ಕೂದಲಿನ ಹತ್ತನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಬಿಡಿಭಾಗವನ್ನು ವಾಪಸು ಕಳಿಸುವುದು ಅವರ ಕೆಲಸ. ಮನೆಯಲ್ಲೂ ಹಾಗೆಯೇ, ದೋಸೆ ಒಂದು ಬದಿ ದಪ್ಪವಾದರೆ ಸುಮ್ಮನೆ ತಿನ್ನುತ್ತಾರೆ, ಆದರೆ ಒಂದು ಕ್ಷಣ ಹಿಡಿದು ನೋಡಿ ತಿನ್ನುತ್ತಾರೆ. ಮೂರನೇ ದಿನವೇ ಬೀರುವಿನಲ್ಲಿ ಡಬ್ಬಿ ಕಂಡು ಓದಿದರು. ಬೈಯಲಿಲ್ಲ, ನಗಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ಕೇಳಿದರು.

“ಶುರು ಮಾಡೂಕಿಂತ ಮೊದಲ ಅಳತಿ ತಗೊಂಡಿದ್ದಿಯೇನು?”

ಇಲ್ಲವೆಂದೆ.

“ಹಂಗಾದ್ರ ಕಡಿಮಿ ಆತು ಅಂತ ಹೆಂಗ ಗೊತ್ತಾಗಬೇಕು?”

ಅವತ್ತೇ ಕೋಣೆಯ ಬಾಗಿಲು ಹಾಕಿ, ಸಾಮಾನಿನ ಪೆಟ್ಟಿಗೆಯಿಂದ ಉಕ್ಕಿನ ಟೇಪು ತಂದು ಮೊದಲ ಅಳತೆ ತೆಗೆದರು. ನೂರ ಒಂಬತ್ತು ಸೆಂಟಿಮೀಟರು. ಬೀರುವಿನ ಬಾಗಿಲ ಒಳಬದಿಗೆ ಕಾಗದ ಅಂಟಿಸಿ, ತಾರೀಕು, ಅಳತೆ, ಷರಾ ಎಂದು ಮೂರು ಕಾಲಂ ಎಳೆದರು. ಷರಾ ಏನಕ್ಕೆಂದು ಕೇಳಿದ್ದಕ್ಕೆ, ಇರಲಿ ಎಂದರು. ಪ್ರತಿ ಭಾನುವಾರ ಬೆಳಿಗ್ಗೆ ಸ್ನಾನಕ್ಕಿಂತ ಮೊದಲು ಅಳತೆ ಎಂದು ನಿಯಮವಾಯಿತು. ಎರಡನೇ ವಾರವೂ ನೂರ ಒಂಬತ್ತೇ. ಆದರೆ ನವೆಂಬರಿನ ನಾಶಿಕದ ಚಳಿ, ಉಕ್ಕಿನ ಟೇಪು ಮೈಗೆ ತಾಗಿದರೆ ಹಾವು ಹರಿದಂತೆ. ಎರಡೂ ಸಲ ನಾನು ಹಾರಿ ಹಿಂದೆ ಸರಿದಿದ್ದೆ. ಆದ್ದರಿಂದ ಮೂರನೇ ವಾರ ಅವರು ಅತ್ತೆಯವರ ಹೊಲಿಗೆ ಡಬ್ಬಿಯಿಂದ ಬಟ್ಟೆಯ ಟೇಪು ತಂದರು.

ಅಳತೆ ನೂರ ಆರು ಬಂತು.

ನಾನು ಕನ್ನಡಿಯ ಮುಂದೆ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ನೋಡಿಕೊಂಡೆ. ನನಗೂ ಕಡಿಮೆಯಾದಂತೆಯೇ ಕಂಡಿತು. ಭುಜ ಹಗುರ, ಉಸಿರು ಸಲೀಸು. ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಅಳತೆ ಗಿಳತೆ ಇಟ್ಟಿರಲಿಲ್ಲ. ಆದರೂ ತನಗೆ ಮೊದಲ ವಾರದಿಂದಲೇ ಹಗುರ ಅನ್ನಿಸುತ್ತಿದೆ, ಹೇಳಿದರೆ ದೃಷ್ಟಿಯಾದೀತೆಂದು ಸುಮ್ಮನಿದ್ದೆ ಎಂದಳು. ಒಂದು ವಾರಕ್ಕೆ ಮೂರು ಸೆಂಟಿಮೀಟರು ಎಂದರೆ ತೊಂಬತ್ತು ದಿನಕ್ಕೆ ಎಷ್ಟು ಎಂದು ಗಣಿತದ ಟೀಚರು ಅಲ್ಲೇ ತ್ರೈರಾಶಿ ಹಾಕಿದಳು. ಬಂದ ಉತ್ತರದ ಪ್ರಕಾರ ಮದುವೆಯ ಹೊತ್ತಿಗೆ ನನಗೆ ಎದೆಯೇ ಇರಬಾರದಿತ್ತು. ಅಷ್ಟು ಬೇಡ, ಸುರಕ್ಷಿತವಾಗಿ ನಾಲ್ಕು ಇಂಚು ಹಿಡಿಯೋಣ ಎಂದು ತಾನೇ ತೀರ್ಮಾನಿಸಿ, ದರ್ಜಿಗೆ ಹೇಳಿ ಇಬ್ಬರ ರವಿಕೆಯನ್ನೂ ನಾಲ್ಕು ಇಂಚು ಕಮ್ಮಿ ಮಾಡಿ ಕತ್ತರಿಸಲು ಕೊಟ್ಟಳು. ಹಾಗೆ ಕತ್ತರಿಸಿದರೆ ತೋಳಿಗೂ ಪೈಠಣಿಯ ಬಟ್ಟೆ ಸಾಕಾಗುತ್ತಿತ್ತು.

ಇತ್ತ ಮನೆಯಲ್ಲಿ ಅತ್ತೆ ಬೇರೆಯೇ ಲೆಕ್ಕ ಹಾಕುತ್ತಿದ್ದರು. ಅವರಿಗೆ ಹಿಂದಿ ಓದಲು ಬರುವುದಿಲ್ಲ. ಅವರು ಕಂಡದ್ದು ಇಷ್ಟು: ಸೊಸೆ ದಿನಾ ಎರಡು ಹೊತ್ತು ಗುಳಿಗೆ ನುಂಗುತ್ತಾಳೆ, ಡಬ್ಬಿಯ ಮೇಲೆ ಕಮಲದ ಹೂವು, ನಗುವ ಹೆಂಗಸು, ಭಾನುವಾರಕ್ಕೊಮ್ಮೆ ಗಂಡಹೆಂಡತಿ ಟೇಪು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕುತ್ತಾರೆ, ಬಂದ ಮೇಲೆ ಇಬ್ಬರ ಮುಖದಲ್ಲೂ ಸಂತೋಷ. ನಮಗೆ ಒಬ್ಬಳೇ ಮಗಳು, ಅವಳು ಪುಣೆಯಲ್ಲಿ ಕಾಲೇಜು ಓದುತ್ತಿದ್ದಾಳೆ. ಎರಡನೆಯದಕ್ಕೆ ಅತ್ತೆ ಹದಿನೈದು ವರ್ಷ ಹರಕೆ ಹೊತ್ತು ಕೈಬಿಟ್ಟಿದ್ದರು. ಈಗ ನನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ದೇವರು ಕಣ್ಣು ಬಿಟ್ಟನೆಂದುಕೊಂಡರು. ನನಗೆ ಒಂದು ಮಾತೂ ಕೇಳಲಿಲ್ಲ. ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ, ತುಪ್ಪ ತರಿಸಿ ಒಂದು ಡಬ್ಬದ ತುಂಬ ಅಂಟಿನುಂಡಿ ಕಟ್ಟಿದರು.

ನಮ್ಮ ಕಡೆ ಅಂಟಿನುಂಡಿ ಬಸುರಿ ಬಾಣಂತಿಯರಿಗೆ ಕೊಡುವುದು. ಚಳಿಗಾಲಕ್ಕೆಂದು ಮಾಡಿರಬೇಕು ಎಂದು ನಾನು ತಿಳಿದೆ. ದಿನಾ ಬೆಳಿಗ್ಗೆ ಒಂದು, ಸಂಜೆ ಒಂದು ಎದುರಿಗೆ ನಿಂತು ತಿನ್ನಿಸುತ್ತಿದ್ದರು. ಬೇಡ ಎಂದರೆ, “ನಿನಗಲ್ಲವ್ವಾ, ತಿನ್ನು,” ಎನ್ನುತ್ತಿದ್ದರು. ಮತ್ಯಾರಿಗೆ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಹೀಗೆ ಎದೆ ಇಳಿಸುವ ಗುಳಿಗೆ ನುಂಗಿ, ಮೇಲೆ ತುಪ್ಪದ ಉಂಡೆ ತಿಂದು, ಗುಳಿಗೆಗೆ ಉಂಡೆಯನ್ನೂ ಉಂಡೆಗೆ ಗುಳಿಗೆಯನ್ನೂ ಜೋಡಿಸಿ ಒಂದು ತಿಂಗಳು ಕಳೆದೆ. ಗದಗಿನಿಂದ ಅತ್ತೆಯವರ ತಂಗಿ ಚಿಕ್ಕತ್ತೆ ಫೋನ್ ಮಾಡಿ, ಬಸ್ಸಿನಲ್ಲಿ ಓಡಾಡುವುದು ಕಮ್ಮಿ ಮಾಡು, ಭಾರ ಎತ್ತಬೇಡ ಎಂದಾಗ ಅವರಿಗೆ ನನ್ನ ಕುತ್ತಿಗೆ ನೋವಿನ ಬಗ್ಗೆ ಎಷ್ಟು ಕಾಳಜಿ ಎಂದು ಕಣ್ಣು ತುಂಬಿ ಬಂತು.

ಗುಳಿಗೆಗೆ ಪರಿಣಾಮವೇ ಇರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಐದನೇ ವಾರದಿಂದ ಹೊಟ್ಟೆ ಕೆಡತೊಡಗಿತು. ಕ್ಯಾಶ್ ಕೌಂಟರಿನಲ್ಲಿ ಕೂತವರಿಗೆ ಪೆಟ್ಟಿಗೆ ಮುಚ್ಚದೆ ಏಳುವಂತಿಲ್ಲ. ಬೆಳಗಿನಿಂದ ನಾಲ್ಕು ಸಲ ಪೆಟ್ಟಿಗೆ ಮುಚ್ಚಿ ಎದ್ದು ಹೋದರೆ ಸಾಲಿನಲ್ಲಿ ನಿಂತವರು ಸುಮ್ಮನಿರುತ್ತಾರೆಯೇ? ಒಬ್ಬ ಮುದುಕರು ಮ್ಯಾನೇಜರ್ ಬಳಿ ಹೋಗಿ, ಈ ಹೆಂಗಸಿಗೆ ಹುಷಾರಿಲ್ಲದಿದ್ದರೆ ರಜೆ ಕೊಡಿ, ನಮ್ಮ ಪಿಂಚಣಿ ತಡವಾಗುತ್ತಿದೆ ಎಂದು ಅರ್ಧ ಕರುಣೆ ಅರ್ಧ ಸಿಟ್ಟಿನಿಂದ ಹೇಳಿದರು. ಆಮೇಲೆ ಎದೆ ಡವಗುಟ್ಟುವುದು ಶುರುವಾಯಿತು. ಸುಮ್ಮನೆ ಕೂತಿದ್ದರೂ ಮೂರು ಮಹಡಿ ಹತ್ತಿ ಬಂದ ಹಾಗೆ. ಮುಖ ಇಳಿಯಿತು, ಮುಂಗೈ ಸಣ್ಣದಾಯಿತು, ಬಳೆ ಜಾರತೊಡಗಿದವು. ಇಳಿಯಬೇಕಾದ್ದು ಮಾತ್ರ ನೂರ ಆರಕ್ಕೆ ಬಂದು ನಿಂತದ್ದು ಅಲ್ಲೇ ಇತ್ತು.

ಇದೇ ಗಂಡನ ತಲೆಯಲ್ಲಿ ಕೊರೆಯುತ್ತಿತ್ತು. ಒಂದೇ ವಾರ ಮೂರು ಸೆಂಟಿಮೀಟರು ಇಳಿದು, ಆಮೇಲೆ ಐದು ವಾರ ಒಂದು ಕೂದಲಿನಷ್ಟೂ ಅಲುಗದಿರುವುದು ಅವರ ಅನುಭವದಲ್ಲಿ ಯಾವ ವಸ್ತುವೂ ಮಾಡದ ಕೆಲಸ. ಎಂಟನೇ ಭಾನುವಾರ ಅಳತೆ ಬರೆದ ಮೇಲೆ ಷರಾ ಕಾಲಮ್ಮನ್ನೇ ನೋಡುತ್ತ ನಿಂತರು. ಆಮೇಲೆ ಹೋಗಿ ಉಕ್ಕಿನ ಟೇಪನ್ನೂ ಬಟ್ಟೆಯ ಟೇಪನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಹಾಸಿದರು. ಅತ್ತೆಯವರ ಟೇಪು ನಲವತ್ತು ವರ್ಷ ಹಳೆಯದು, ಸಾವಿರ ಕುಪ್ಪಸಗಳಿಗೆ ಎಳೆದೆಳೆದು ಹಿಗ್ಗಿತ್ತು. ಅದರ ನೂರ ಆರು, ಉಕ್ಕಿನಲ್ಲಿ ನೂರ ಒಂಬತ್ತು.

ಅವರ ಮುಖ ನೋಡಿ ನನಗೆ ನನ್ನ ದುಃಖ ಮರೆತುಹೋಯಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತಪಾಸಣೆಯ ನಡುವೆ ಸಾಧನ ಬದಲಿಸಿದವರಲ್ಲ. “ತಪ್ಪು ನಂದು. ಗುಳಿಗಿದಲ್ಲ,” ಎಂದರು. ಗುಳಿಗೆಯದೂ ಇದೆ ಎಂದು ನಾನೇ ಸಮಾಧಾನ ಮಾಡಬೇಕಾಯಿತು. ಷರಾ ಕಾಲಮ್ಮಿನಲ್ಲಿ ಎಲ್ಲ ವಾರಕ್ಕೂ ಸೇರಿಸಿ ‘ಅಮಾನ್ಯ’ ಎಂದು ಬರೆದು ಸಹಿ ಹಾಕಿದರು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಅಕ್ಕನಿಗೆ ಟೇಪಿನ ಸುದ್ದಿ ಹೇಳಿದಾಗ ಅವಳು ದನಿ ಇಳಿಸಿ, ತನಗೆ ಮುಟ್ಟು ತಿಂಗಳಿಗೆ ಮೂರು ಸಲ ಬರುತ್ತಿದೆ, ಕೈ ನಡುಗಿ ಚಾಕ್‌ಪೀಸು ಬೀಳುತ್ತಿದೆ ಎಂದಳು. ಮದುವೆ ಕೆಲಸದ ನೆಪ ಹೇಳಿ ನಾನು ಮರುದಿನವೇ ರಜೆ ಹಾಕಿ ಬಸ್ಸು ಹತ್ತಿದೆ. ಅವಳು ಶಾಲೆಯಿಂದ ಬಂದೊಡನೆ, ಅವಳ ಸಹೋದ್ಯೋಗಿ ಹೇಳಿದ ಒಬ್ಬ ಲೇಡಿ ಡಾಕ್ಟರ ಬಳಿ ಹೋದೆವು.

ಡಾಕ್ಟರು ಐವತ್ತೈದು ದಾಟಿದ ಮರಾಠಿ ಹೆಂಗಸು. ಇಬ್ಬರನ್ನೂ ಒಟ್ಟಿಗೇ ಕೂಡಿಸಿಕೊಂಡು ಡಬ್ಬಿ ಮೇಜಿನ ಮೇಲಿಡಿ ಎಂದರು. ಚಾಳೀಸು ಏರಿಸಿ ಓದಿದರು. ಹದಿನಾಲ್ಕು ಬೇರು ಎಲೆಗಳ ಹೆಸರಿದ್ದು, ಕೊನೆಗೆ ‘ಇತ್ಯಾದಿ’ ಎಂದಿತ್ತು. ಆ ಇತ್ಯಾದಿಯ ಮೇಲೆ ಬೆರಳಿಟ್ಟು, ಇದರಲ್ಲೇನಿದೆ ನಿಮಗೆ ಗೊತ್ತೇ ಎಂದು ಕೇಳಿದರು. ನಮಗೇನು ಗೊತ್ತು? ನನಗೂ ಗೊತ್ತಿಲ್ಲ, ಮಾಡಿದವನೇ ಹೇಳಬೇಕು ಎಂದರು. ಇಂಥ ಕೆಲವು ಡಬ್ಬಿಗಳಲ್ಲಿ ಭೇದಿಯ ಔಷಧ, ಮೂತ್ರ ಹೆಚ್ಚಿಸುವ ಔಷಧ, ಕೆಲವೊಮ್ಮೆ ಹಾರ್ಮೋನು ಕೂಡ ಹೇಳದೆ ಬೆರೆಸಿರುತ್ತಾರಂತೆ. ತೂಕ ಇಳಿದಂತೆ ಕಾಣುತ್ತದೆ, ಆದರೆ ಹೋಗುವುದು ನೀರು ಮತ್ತು ಶಕ್ತಿ.

ಅಕ್ಕ ಸೋಲೊಪ್ಪುವವಳಲ್ಲ. ಈ ಗುಳಿಗೆ ಖೋಟಾ ಆಗಿರಬಹುದು, ಆದರೆ ಒಳ್ಳೆಯ ಕಂಪನಿಯ ಗುಳಿಗೆ ಒಂದಾದರೂ ಇರಬೇಕಲ್ಲ ಎಂದು ತನ್ನ ಹರಕು ಮರಾಠಿಯಲ್ಲಿ ವಾದಿಸಿದಳು. ಡಾಕ್ಟರು ತಾಳ್ಮೆಯಿಂದ ಹೇಳಿದರು. ಸ್ತನದಲ್ಲಿರುವುದು ಕೊಬ್ಬು, ಹಾಲಿನ ಗ್ರಂಥಿ ಮತ್ತು ಅವನ್ನು ಹಿಡಿದಿಡುವ ನಾರು. ಯಾರಿಗೆ ಯಾವುದೆಷ್ಟು ಎಂಬುದು ಹುಟ್ಟಿನಿಂದ ಬಂದದ್ದು. ಹೊಟ್ಟೆಗೆ ಹೋದ ಗುಳಿಗೆ ರಕ್ತದಲ್ಲಿ ಕರಗಿ ಮೈಯೆಲ್ಲ ತಿರುಗುತ್ತದೆ, ಇಲ್ಲಿಂದ ಮಾತ್ರ ಇಷ್ಟು ತೆಗೆದುಬಿಡು ಎಂದು ಹೇಳಿ ಕಳಿಸಲು ಬರುವುದಿಲ್ಲ. ಒಟ್ಟು ತೂಕ ಇಳಿಸಿದರೆ ಇಲ್ಲೂ ಸ್ವಲ್ಪ ಇಳಿಯಬಹುದು, ಕೆಲವರಿಗೆ ಇಳಿಯದೆಯೂ ಇರಬಹುದು. ಬೆನ್ನು, ಭುಜಕ್ಕೆ ವ್ಯಾಯಾಮ ಇದೆ, ಸರಿಯಾದ ಅಳತೆಯ ಬ್ರಾ ಇದೆ. ಅದರಿಂದ ನೋವು ಕಡಿಮೆಯಾಗುತ್ತದೆ, ಗಾತ್ರವಲ್ಲ. ಗಾತ್ರವೇ ಕಡಿಮೆಯಾಗಬೇಕೆಂದರೆ ಶಸ್ತ್ರಚಿಕಿತ್ಸೆ. ಅದೂ ಎಲ್ಲರಿಗೂ ಬೇಕಾಗಿಲ್ಲ, ಗಾಯದ ಗುರುತು ಉಳಿಯುತ್ತದೆ, ಯೋಚಿಸಿ ಮಾಡುವಂಥದ್ದು.

ಹಾಗಾದರೆ ಇವಳಿಗೆ ಮೂರು ಸೆಂಟಿಮೀಟರು ಹೇಗೆ ಇಳಿಯಿತು ಎಂದು ಅಕ್ಕ ಕೊನೆಯ ಬಾಣ ಬಿಟ್ಟಳು. ಟೇಪಿನ ಸತ್ಯ ಗೊತ್ತಿದ್ದೂ ಕೇಳಿದಳು, ಟೀಚರಲ್ಲವೇ. ನಾನು ಟೇಪಿನ ಕಥೆ ಹೇಳಿದೆ. ಡಾಕ್ಟರು ಚಾಳೀಸು ತೆಗೆದು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು. ನಕ್ಕು ಮುಗಿದ ಮೇಲೆ ಗಂಭೀರವಾಗಿ ಇಬ್ಬರನ್ನೂ ಪರೀಕ್ಷಿಸಿ, ಗಂಟು ಗಿಂಟು ಇಲ್ಲವೆಂದು ಖಾತ್ರಿ ಮಾಡಿಕೊಂಡು, ರಕ್ತ ಪರೀಕ್ಷೆಗೆ ಬರೆದುಕೊಟ್ಟು, ಡಬ್ಬಿಗಳನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಗುಳಿಗೆ ನಿಂತ ಎರಡು ವಾರಕ್ಕೆ ನನ್ನ ಎದೆ ಡವಗುಟ್ಟುವುದು ನಿಂತಿತು. ಅಕ್ಕ ಸರಿಹೋಗಲು ಒಂದೂವರೆ ತಿಂಗಳು ಹಿಡಿಯಿತು.

ಡಾಕ್ಟರ ಬಳಿಯಿಂದ ಬರುವಾಗ ಆಟೋದಲ್ಲಿ ಇಬ್ಬರಿಗೂ ಒಟ್ಟಿಗೇ ನೆನಪಾಯಿತು: ರವಿಕೆ. ನೇರವಾಗಿ ದರ್ಜಿಯ ಅಂಗಡಿಗೆ ಹೋದೆವು. ಅವನು ಬಹಳ ಖುಷಿಯಿಂದ ಎರಡೂ ರವಿಕೆ ತೆಗೆದು ತೋರಿಸಿದ. ತೋಳಿನ ಮೇಲೆ ಪೈಠಣಿಯ ನವಿಲು ಎಷ್ಟು ಚೆಂದ ಕೂತಿತ್ತೆಂದರೆ ಬೈಯಲು ಬಾಯಿ ಬರಲಿಲ್ಲ. ಮನೆಗೆ ಬಂದು ತೊಟ್ಟು ನೋಡಿದೆವು. ನನಗೆ ಕೆಳಗಿನ ಒಂದು ಹುಕ್ಕು ಬಿತ್ತು. ಅಕ್ಕನಿಗೆ ಅದೂ ಬೀಳಲಿಲ್ಲ. ಒಳಗೆ ಬಿಚ್ಚಿ ಹಿಗ್ಗಿಸಲು ಬಟ್ಟೆಯನ್ನೇ ಬಿಟ್ಟಿರಲಿಲ್ಲ, ಎಲ್ಲ ತೋಳಿಗೆ ಹೋಗಿತ್ತು.

ನಾನು ಮದುವೆಗೆ ವಾರ ಮೊದಲೇ ಮತ್ತೆ ಅಕ್ಕನ ಮನೆಗೆ ಬಂದಿದ್ದೆ; ನಾಲ್ಕು ದಿನ ಮೊದಲು ಅತ್ತೆಯವರನ್ನು ಕರೆದುಕೊಂಡು ಗಂಡ ಬಂದರು. ಅತ್ತೆ ಬರುವಾಗ ಇನ್ನೊಂದು ಡಬ್ಬ ಅಂಟಿನುಂಡಿ ಹೊತ್ತು ತಂದಿದ್ದರು. ಬಂದವರೇ ಕಾಲು ತೊಳೆಯುವ ಮೊದಲು ನನ್ನ ಹೊಟ್ಟೆಯ ಕಡೆ ನೋಡಿ, ಮೂರು ತಿಂಗಳಿಗೆ ಹಿಂಗ ಕಾಣಬಾರದು ಎಂದು ಚಿಂತೆಯಿಂದ ಅಕ್ಕನಿಗೆ ಹೇಳಿದರು. ಅಕ್ಕ ನನ್ನ ಮುಖ ನೋಡಿದಳು, ನಾನು ಗಂಡನ ಮುಖ ನೋಡಿದೆ. ಆಗ ನನಗೆ ಚಿಕ್ಕತ್ತೆಯ ಫೋನು, ಉಂಡೆ, ಎಲ್ಲದರ ಅರ್ಥ ಒಂದೇ ಸಲ ಆಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅತ್ತೆಯವರನ್ನು ಒಳಗಿನ ಕೋಣೆಗೆ ಕರೆದೊಯ್ದು ಮಂಚದ ಮೇಲೆ ಕೂಡಿಸಿ, ಗುಳಿಗೆ, ಟೇಪು, ಡಾಕ್ಟರು, ರವಿಕೆ ಎಲ್ಲವನ್ನೂ ಹೇಳಿದೆವು.

ಮೊಮ್ಮಗ ಬರುವುದಿಲ್ಲ ಎಂಬುದು ಅವರಿಗೆ ಒಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಊರಿನವರಿಗೆಲ್ಲ ಹೇಳಿಯಾಗಿತ್ತು, ಅದೊಂದು ಸಂಕಟ. ನನಗೆ ಭಯವಾದದ್ದು ಬೈಗುಳಕ್ಕಲ್ಲ, ಅವರು ಅತ್ತುಬಿಟ್ಟರೆ ಎಂದು. ಅವರು ಅಳಲಿಲ್ಲ. ನನ್ನ ರವಿಕೆಯನ್ನು ಕೈಗೆತ್ತಿಕೊಂಡು ಬಗಲಿನ ಹೊಲಿಗೆ ತಿರುವಿ ನೋಡುತ್ತ ಹೇಳಿದರು.

“ನಮ್ಮ ಕಾಲದಾಗ ಗುಳಿಗಿ ಇದ್ದಿಲ್ಲವ್ವಾ. ಲೇಪ ಇತ್ತು. ದಾಳಿಂಬರ ಸಿಪ್ಪಿ ಅರದು, ಸಾಸಿವಿ ಎಣ್ಣ್ಯಾಗ ಕಲಸಿ ಹಚ್ಚಬೇಕಂತ ನಮ್ಮ ಓಣ್ಯಾಗ ಒಬ್ಬಾಕಿ ಹೇಳಿದ್ಲು. ಎರಡು ತಿಂಗಳ ಹಚ್ಚೀನಿ.”

“ಕಡಿಮಿ ಆತೇನ್ರಿ ಅತ್ತಿ?” ಎಂದೆ.

“ಕುಪ್ಪಸ ಎಲ್ಲಾ ಕಂದು ಆದ್ವು. ನಿಮ್ಮ ಮಾವನವರು ಇವತ್ತ ಉಪ್ಪಿನಕಾಯಿ ಹಾಕೀಯೇನು ಅಂತ ಕೇಳತಿದ್ರು.”

ಮೊದಲು ನಕ್ಕದ್ದು ಅಕ್ಕ. ಆಮೇಲೆ ಮೂವರೂ ಮಂಚದ ಮೇಲೆ ಕೂತು, ಹೊರಗೆ ಬೀಗರ ಕಡೆಯವರು ಇದ್ದಾರೆಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದರೂ ಅತ್ತೆಯವರ ಭುಜದ ಮೇಲೂ ನನ್ನ ಹಾಗೆ ಗುಳಿಗಳಿವೆ ಎಂಬುದನ್ನು ನಾನು ಅವತ್ತೇ ನೋಡಿದ್ದು. ಅವರು ಸೆರಗು ಸರಿಸಿ ತೋರಿಸಿದರು, ನಾನು ನನ್ನವನ್ನು ತೋರಿಸಿದೆ.

ರವಿಕೆಗೆ ದಾರಿ ಕಂಡುಹಿಡಿದವರೂ ಅವರೇ. ಎರಡೂ ಬಗಲಿನ ಹೊಲಿಗೆ ಬಿಚ್ಚಿಸಿ, ಕಂಕುಳಿನ ಕೆಳಗಿನಿಂದ ಸೊಂಟದವರೆಗೆ ಅದೇ ಬಣ್ಣದ ರೇಶಿಮೆ ತುಂಡು ಇಟ್ಟು, ಅಕ್ಕನ ಮನೆಯ ಹೊಲಿಗೆ ಯಂತ್ರದಲ್ಲಿ ಒಂದೇ ಮಧ್ಯಾಹ್ನ ಎರಡನ್ನೂ ಮುಗಿಸಿದರು. ಅಳತೆಗೆ ಗಂಡ ತಮ್ಮ ಉಕ್ಕಿನ ಟೇಪು ಕೊಡಲು ಬಂದರು. ಅತ್ತೆ ಬೇಡವೆಂದು ಗೇಣು ಹಾಕಿ ಅಳೆದರು. ರವಿಕೆ ಕೂತ ಚೆಂದಕ್ಕೆ, ಇದು ಈಗಿನ ಹೊಸ ಫ್ಯಾಶನ್ನೇ ಎಂದು ಮದುವೆಯಲ್ಲಿ ಇಬ್ಬರು ಹೆಂಗಸರು ಬಂದು ಬಗಲು ನೋಡಿಕೊಂಡು ಹೋದರು.

ಮದುವೆ ಮುಗಿದು ನಾಶಿಕಕ್ಕೆ ಬಂದ ಮೇಲೆ ಡಾಕ್ಟರ ಮಾತಿನಂತೆ ಒಳಉಡುಪಿನ ಅಂಗಡಿಗೆ ಹೋದೆ. ಹಳೆಯ ಪೇಟೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ನಡೆಸುವ ಸಣ್ಣ ಅಂಗಡಿ. ನಾನು ಇಪ್ಪತ್ತು ವರ್ಷದಿಂದ ಕೊಳ್ಳುತ್ತಿದ್ದ ಸಂಖ್ಯೆ ಹೇಳಿದೆ. ಆಕೆ ಸ್ಟೂಲಿನಿಂದ ಏಳದೆ ನನ್ನನ್ನು ಒಮ್ಮೆ ನೋಡಿ, ಅಲ್ಲ ಎಂದರು. ಬೇರೆ ಸಂಖ್ಯೆ ಹೇಳಿ ಡಬ್ಬ ತೆಗೆದುಕೊಟ್ಟರು. ಸುತ್ತಳತೆ ನಾನು ಹೇಳಿದ್ದಕ್ಕಿಂತ ಚಿಕ್ಕದು, ಬಟ್ಟಲು ಮೂರು ಅಳತೆ ದೊಡ್ಡದು, ಪಟ್ಟಿ ಎರಡು ಬೆರಳು ಅಗಲ. ಪರದೆಯ ಹಿಂದೆ ಹೋಗಿ ತೊಟ್ಟುಕೊಂಡಾಗ ಭುಜದ ಮೇಲಿನ ಭಾರ ಬೆನ್ನಿಗೆ ಇಳಿದದ್ದು ನನಗೇ ತಿಳಿಯಿತು. ಇಪ್ಪತ್ತು ವರ್ಷ ತಪ್ಪು ಅಳತೆ ತೊಟ್ಟು ಓಡಾಡಿದ್ದೆ. ಈ ವಿಷಯವನ್ನು ಗಂಡನಿಗೆ ಹೇಳಲಿಲ್ಲ; ಅವರು ಆಗಷ್ಟೇ ಚೇತರಿಸಿಕೊಂಡಿದ್ದರು. ಅದರ ಜೊತೆಗೆ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳ ಬಳಿ ಎರಡು ತಿಂಗಳು ಹೋಗಿ ಕಲಿತೆ. ಗೋಡೆಗೆ ಬೆನ್ನು ಕೊಟ್ಟು ಕೈ ಮೇಲಕ್ಕೆತ್ತುವುದು, ರಬ್ಬರು ಪಟ್ಟಿ ಎಳೆಯುವುದು. ಕುತ್ತಿಗೆ ನೋವು ಅರ್ಧಕ್ಕರ್ಧ ಹೋಯಿತು. ಗಾತ್ರ ಇದ್ದಷ್ಟೇ ಇದೆ.

ಅಕ್ಕನಿಗೆ ಅಷ್ಟು ಸಾಲಲಿಲ್ಲ. ಅವಳಿಗೆ ನನಗಿಂತ ನೋವು ಹೆಚ್ಚು, ಬಲಗೈ ಜೋಮು ಹಿಡಿಯುತ್ತಿತ್ತು. ಬ್ರಾ, ವ್ಯಾಯಾಮ ಎಲ್ಲ ಒಂದು ವರ್ಷ ಮಾಡಿ ನೋಡಿ, ಒಂದು ದಿನ ಅದೇ ಡಾಕ್ಟರ ಬಳಿ ತಾನೊಬ್ಬಳೇ ಹೋಗಿ ಶಸ್ತ್ರಚಿಕಿತ್ಸೆಯ ವೈದ್ಯರಿಗೆ ಚೀಟಿ ಬರೆಸಿಕೊಂಡು ಬಂದಳು. ಭಾವ ಮೊದಲು, ಈ ವಯಸ್ಸಿನಲ್ಲಿ ಯಾರಿಗೆ ತೋರಿಸಬೇಕಾಗಿದೆ ಎಂದರಂತೆ. ಅಕ್ಕ ಅವರಿಗೆ ಎರಡು ಕಿಲೋ ಜೋಳದ ಹಿಟ್ಟಿನ ಪೊಟ್ಟಣ ಎರಡನ್ನು ಚೀಲದಲ್ಲಿ ಹಾಕಿ ಕುತ್ತಿಗೆಗೆ ನೇತುಹಾಕಿ, ಸಂಜೆಯವರೆಗೆ ತೆಗೆಯಬಾರದು ಎಂದಳು. ಭಾವ ಒಂದೂವರೆ ತಾಸಿಗೆ ಒಪ್ಪಿಗೆ ಕೊಟ್ಟರು.

ಆಸ್ಪತ್ರೆಯಲ್ಲಿ ಅವಳ ಜೊತೆ ನಾನಿದ್ದೆ. ಮೊದಲ ಎರಡು ದಿನ ನೋವಿಗೆ ಹೈರಾಣಾದಳು, ಗುಳಿಗೆಯೇ ಚಲೋ ಇತ್ತು ಎಂದು ನನ್ನ ಮೇಲೆ ರೇಗಿದಳು. ಗಾಯ ಮಾಯಲು ವಾರಗಳೇ ಬೇಕಾದವು, ಒಂದು ಕಡೆ ಹೊಲಿಗೆ ಸ್ವಲ್ಪ ಕೀವಾಗಿ ಮತ್ತೆ ಓಡಾಡಬೇಕಾಯಿತು. ಹಗುರಾದ ಮೇಲೆ ತಾನು ಮುಂದಕ್ಕೆ ಬಾಗಿ ನಡೆಯುವುದನ್ನು ಬಿಡಲು ಅವಳಿಗೆ ಇನ್ನೂ ಎರಡು ತಿಂಗಳು ಹಿಡಿಯಿತು. ಇಲ್ಲದ ಭಾರಕ್ಕೆ ಬೆನ್ನು ಬಾಗಿಯೇ ಇರುತ್ತಿತ್ತು. ಗಾಯದ ಗುರುತುಗಳಿವೆ, ಅವಳು ಅದಕ್ಕೆ ತಲೆ ಕೆಡಿಸಿಕೊಂಡಿಲ್ಲ. ಅತ್ತೆ ನಾಶಿಕದಿಂದ ಅವಳಿಗೆ ಅಂಟಿನುಂಡಿ ಕಳಿಸಿದ್ದರು. ಅಕ್ಕ ಅದನ್ನು ಭಾವನಿಗೆ ತಿನ್ನಿಸಿದಳು.

ಈ ಚಳಿಗಾಲದಲ್ಲಿ ಅವಳು ನಾಶಿಕಕ್ಕೆ ಬಂದಾಗ ಒಂದು ಬೆಳಿಗ್ಗೆ ಇಬ್ಬರೂ ಪಾಂಡವಲೇಣಿ ಗುಹೆಗಳ ಗುಡ್ಡ ಹತ್ತಿದೆವು. ಅಕ್ಕ ನಿಲ್ಲದೆ ಮೇಲೆ ಹೋದಳು. ನಾನು ಮೂರು ಕಡೆ ಕೂತು, ಕೈ ಸೊಂಟಕ್ಕೆ ಕೊಟ್ಟು ಹೋದೆ. ನಾನು ತಲುಪುವಷ್ಟರಲ್ಲಿ ಅವಳು ಗುಹೆಯ ಮುಂದಿನ ಕಲ್ಲಿನ ಮೇಲೆ ಕಾಲು ಚಾಚಿ ಕೂತು ನೀರು ಕುಡಿಯುತ್ತಿದ್ದಳು. ಕೆಳಗೆ ನಾಶಿಕ ಮಂಜಿನಲ್ಲಿತ್ತು.

“ನೀ ಯಾವಾಗ?” ಎಂದು ಕೇಳಿದಳು.

“ಗೊತ್ತಿಲ್ಲಕ್ಕ. ನನಗ ಈಗ ಅಷ್ಟೇನ ತ್ರಾಸ ಇಲ್ಲ. ಸುಮ್ಮನ ಯಾಕ ಕೊಯ್ಸಿಕೊಳ್ಳೂದು ಅನಸ್ತೈತಿ.”

ಅವಳು ಒತ್ತಾಯ ಮಾಡಲಿಲ್ಲ. ಬಾಟಲಿ ನನ್ನ ಕೈಗೆ ಕೊಟ್ಟು, ಸ್ವಲ್ಪ ಸರಿದು ಕಲ್ಲಿನ ಮೇಲೆ ನನಗೆ ಜಾಗ ಮಾಡಿಕೊಟ್ಟಳು. ಬಿಸಿಲು ಏರುವವರೆಗೆ ಅಲ್ಲೇ ಕೂತು, ಅವಳ ಮಗಳ ಅತ್ತೆಯ ಅಡುಗೆಯ ಬಗ್ಗೆ ಮಾತಾಡಿದೆವು.